ರದ್ದಿ ಹಾಳೆಯಿಂದ ಹೊಸ ಹಾಳೆ: ಶಾಲಾ ಮಕ್ಕಳ ಜೊತೆ ಆರು ವಾರದ ಕೆಲಸದ ದಾಖಲೆ

8ರಿಂದ 12 ವರ್ಷದ 24 ಮಕ್ಕಳು, ಇಬ್ಬರು ದೊಡ್ಡವರು, ನಾಲ್ಕು ತರಗತಿ ಕೋಣೆಗಳ ಕಸ. ಮೊದಲು ಕಸವನ್ನು ತೂಗಿ ನೋಡುವುದು, ಆಮೇಲೆ ಬುಟ್ಟಿಗಳನ್ನು ಸರಿಮಾಡುವುದು, ಕೊನೆಗೆ ರದ್ದಿ ಕಾಗದದಿಂದ ಕೈಯಾರೆ ಹಾಳೆ ತೆಗೆಯುವುದು ಅಂತ ಯೋಜನೆ. ಅಳತೆ, ತೂಕ, ಕೆಟ್ಟಿದ್ದು, ಸರಿಹೋದದ್ದು ಎಲ್ಲ ಆದ ಕ್ರಮದಲ್ಲೇ ಇದೆ. ಕಾಗದ ಮಾಡುವ ಭಾಗ ಉದ್ದವಾಗಿದೆ, ಯಾಕಂದರೆ ತಪ್ಪು ಹೆಚ್ಚು ಆಗಿದ್ದು ಅಲ್ಲೇ, ಮಕ್ಕಳು ಹೆಚ್ಚು ಕಲಿತದ್ದೂ ಅಲ್ಲೇ.

ದಿನ 1ರಿಂದ 5: ಕಸದ ತೂಕ

ಬೇಕಾದ ಸಾಮಾನು: 10 ಕೆ.ಜಿ. ತನಕ ತೂಗುವ ಕೊಕ್ಕೆಯ ತಕ್ಕಡಿ, ಒಂದೇ ಅಳತೆಯ 5 ಬಕೆಟ್, 3 ಮೀಟರ್ ಉದ್ದಗಲದ ಟಾರ್ಪಾಲು, ರಬ್ಬರ್ ಕೈಗವಸು, ಇಕ್ಕಳ, ತೂಕ ಬರೆಯಲು ಒಂದು ರಟ್ಟಿನ ಹಲಗೆ. ಬುಟ್ಟಿ ಸುರಿದ ತಕ್ಷಣ ಮಕ್ಕಳನ್ನು ಕೈ ಹಾಕಲು ಬಿಡಬಾರದು. ಮೊದಲು ದೊಡ್ಡವರೊಬ್ಬರು ಇಕ್ಕಳದಲ್ಲಿ ಕೆದಕಿ ಬ್ಲೇಡು, ಒಡೆದ ಗಾಜು, ಗುಂಡುಪಿನ್ನು ಇದ್ದರೆ ತೆಗೆಯಬೇಕು. ಐದು ದಿನದಲ್ಲಿ ಎರಡು ಸಲ ಬ್ಲೇಡು ಸಿಕ್ಕಿತು.

ಐದು ಬಕೆಟ್ಟಿಗೆ ಐದು ಪಾಲು: ಒಣ ಕಾಗದ, ಪ್ಲಾಸ್ಟಿಕ್, ಉಳಿದ ಊಟ, ಲೋಹ ಮತ್ತು ಗಾಜು, ಇನ್ನುಳಿದದ್ದು.

ಮೊದಲ ದಿನದ ಲೆಕ್ಕ ಪೂರ್ತಿ ಹಾಳು. ಖಾಲಿ ಬಕೆಟ್ಟಿನ ತೂಕ ಕಳೆಯುವುದು ಮರೆತುಹೋಗಿ, ಪ್ರತಿ ಪಾಲಿಗೂ ಸುಮಾರು 600 ಗ್ರಾಂ ಸುಮ್ಮನೆ ಸೇರಿಕೊಂಡಿತ್ತು. ಇದನ್ನು ಹಿಡಿದವಳು ಒಬ್ಬ ಹುಡುಗಿ. "ಎರಡೇ ಡಬ್ಬಿಗೆ ಇಷ್ಟೊಂದು ತೂಕ ಹ್ಯಾಗೆ?" ಅಂತ ಕೇಳಿದಳು. ಆಮೇಲೆ ಪ್ರತಿ ಬಕೆಟ್ಟಿನ ತೂಕವನ್ನು ಅದರ ಹೊರಮೈ ಮೇಲೆ ಬಣ್ಣದಲ್ಲಿ ಬರೆದೆವು.

ಎರಡನೇ ದಿನದ ತಪ್ಪು ನೀರಿನದು. ಅರ್ಧ ಕುಡಿದು ಎಸೆದ ನೀರಿನ ಬಾಟಲಿಯನ್ನು ಹಾಗೇ ತೂಗಿದರೆ ಪ್ಲಾಸ್ಟಿಕ್ ಬೆಟ್ಟದಷ್ಟು ಕಾಣುತ್ತದೆ. ಅದೇ ನೀರು ಕಾಗದದ ಮೇಲೆ ಚೆಲ್ಲಿದರೆ ಕಾಗದದ ತೂಕವೂ ಸುಳ್ಳು. ಆದ್ದರಿಂದ ಬಾಟಲಿ ಬಗ್ಗಿಸಿ ನೀರು ಗಿಡಕ್ಕೆ ಹಾಕಿ ಆಮೇಲೆ ತೂಕ. ಒದ್ದೆ ಕಾಗದ "ಇನ್ನುಳಿದದ್ದು" ಬಕೆಟ್ಟಿಗೆ. ತೂಗುವ ಹೊತ್ತೂ ಒಂದೇ ಇರಬೇಕು. ಒಂದು ದಿನ ಊಟಕ್ಕೆ ಮೊದಲು, ಇನ್ನೊಂದು ದಿನ ಶಾಲೆ ಬಿಟ್ಟ ಮೇಲೆ ತೂಗಿದರೆ ಆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡುವ ಹಾಗಿಲ್ಲ. ಹಾಳಾದ ಎರಡು ದಿನದ ಬದಲಿಗೆ ಮುಂದಿನ ವಾರದ ಎರಡು ದಿನ ಸೇರಿಸಿಕೊಂಡೆವು.

ಐದು ಸರಿ ದಿನಗಳಲ್ಲಿ ಒಣ ಕಾಗದ ಒಟ್ಟು 3.4 ಕೆ.ಜಿ. ಇಲ್ಲಿ ನಿಲ್ಲಿಸದೆ, ಆ ಕಾಗದವನ್ನೇ ಮತ್ತೆ ಮೂರು ರಾಶಿ ಮಾಡಿಸಿದ್ದು ಇಡೀ ಕೆಲಸದ ದಿಕ್ಕನ್ನೇ ಬದಲಿಸಿತು. ಎರಡೂ ಬದಿ ಖಾಲಿ ಇರುವ ಹಾಳೆ 0.3 ಕೆ.ಜಿ., ಒಂದು ಬದಿ ಖಾಲಿ 1.7 ಕೆ.ಜಿ., ಎರಡೂ ಬದಿ ಬರೆದದ್ದು 1.4 ಕೆ.ಜಿ. ಅಂದರೆ ಬುಟ್ಟಿಗೆ ಬಿದ್ದ ಕಾಗದದಲ್ಲಿ ಅರ್ಧಕ್ಕಿಂತ ಹೆಚ್ಚು ಇನ್ನೂ ಮುಗಿದಿರಲೇ ಇಲ್ಲ. 80 ಜಿ.ಎಸ್.ಎಂ. (ಅಂದರೆ ಒಂದು ಚದರ ಮೀಟರಿಗೆ 80 ಗ್ರಾಂ) ಕಾಗದದ ಒಂದು ಎ4 ಹಾಳೆ ಸುಮಾರು 5 ಗ್ರಾಂ ತೂಗುತ್ತದೆ. ಈ ಒಂದು ಅಂಕಿಯನ್ನು ಮಕ್ಕಳ ತಲೆಯಲ್ಲಿ ಕೂರಿಸಿಬಿಟ್ಟರೆ ಉಳಿದ ಲೆಕ್ಕವನ್ನು ಅವರೇ ಮಾಡುತ್ತಾರೆ: 1.7 ಕೆ.ಜಿ. ಅಂದರೆ 340 ಹಾಳೆ.

ದಿನ 8ರಿಂದ 12: ಬುಟ್ಟಿಗಳು

ಮೊದಲು ಅಂಟಿಸಿದ್ದು "ಕಾಗದ", "ಪ್ಲಾಸ್ಟಿಕ್", "ಊಟ" ಅಂತ ದಪ್ಪ ಅಕ್ಷರದ ಚೀಟಿ. ಎರಡು ದಿನ ಬಿಟ್ಟು ನೋಡಿದರೆ ಮೂರೂ ಬುಟ್ಟಿಯಲ್ಲಿ ಎಲ್ಲವೂ ಇತ್ತು. ಆಟದ ಬಿಡುವಿನಲ್ಲಿ ಓಡುತ್ತ ಬರುವ ಮಗು ಚೀಟಿ ಓದುವುದಿಲ್ಲ, ಕಂಡ ಬಾಯಿಗೆ ಎಸೆಯುತ್ತದೆ. ಚೀಟಿ ಕಿತ್ತು ನಿಜವಾದ ವಸ್ತುಗಳನ್ನೇ ಬುಟ್ಟಿಯ ಮೇಲೆ ಅಂಟಿಸಿದೆವು: ಒಂದಕ್ಕೆ ನೋಟ್‌ಬುಕ್ ಹಾಳೆ, ಇನ್ನೊಂದಕ್ಕೆ ಚಪ್ಪಟೆ ಮಾಡಿದ ಬಾಟಲಿ ಮತ್ತು ಖಾಲಿ ಪೊಟ್ಟಣ. ಪರವಾಗಿಲ್ಲ ಅನ್ನುವಷ್ಟು ಸುಧಾರಿಸಿತು.

ಪೂರ್ತಿ ಸರಿಹೋದದ್ದು ಮುಚ್ಚಳ ಬದಲಿಸಿದ ಮೇಲೆ. ದಪ್ಪ ರಟ್ಟಿನಿಂದ ಮುಚ್ಚಳ ಕತ್ತರಿಸಿ, ಕಾಗದದ ಬುಟ್ಟಿಗೆ ಉದ್ದ ಸೀಳು, ಬಾಟಲಿಯ ಬುಟ್ಟಿಗೆ 10 ಸೆಂ.ಮೀ. ಅಗಲದ ದುಂಡು ತೂತು. ಕಾಗದದ ಸೀಳನ್ನು ಮೊದಲು 8 ಸೆಂ.ಮೀ. ಅಗಲ ಇಟ್ಟದ್ದು ತಪ್ಪು, ಊಟದ ಚೂರೂ ಅದರಲ್ಲಿ ಹೋಯಿತು. 30 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲಕ್ಕೆ ಇಳಿಸಿದಾಗ ಇನ್ನೊಂದು ಲಾಭವೂ ಸಿಕ್ಕಿತು: ಮುದ್ದೆ ಮಾಡಿದ ಹಾಳೆ ಆ ಸೀಳಿನಲ್ಲಿ ಇಳಿಯುವುದಿಲ್ಲ. ಹಾಳೆಯನ್ನು ಬಿಡಿಸಿ, ಸಪಾಟು ಮಾಡಿ ಹಾಕಬೇಕು. ಬಿಡಿಸುವಾಗ ಹಿಂಬದಿ ಖಾಲಿ ಇರುವುದು ಕಣ್ಣಿಗೆ ಬೀಳುತ್ತದೆ. ಎಷ್ಟೋ ಹಾಳೆ ಅಲ್ಲಿಂದಲೇ ವಾಪಸು ಚೀಲಕ್ಕೆ ಹೋಗಲು ಶುರುವಾಯಿತು.

ಎರಡು ಮಾತು ಜಾಗದ ಬಗ್ಗೆ. ಕಾಗದದ ಬುಟ್ಟಿಯನ್ನು ಕುಡಿಯುವ ನೀರಿನ ನಲ್ಲಿಯ ಹತ್ತಿರ ಇಡಬೇಡಿ. ಕೈಯ ನೀರು ತೊಟ್ಟಿಕ್ಕಿ ಮೇಲಿನ ರಾಶಿ ಒದ್ದೆಯಾಗುತ್ತದೆ. ಯಾವ ಬುಟ್ಟಿಯನ್ನೂ ಒಂಟಿಯಾಗಿ ಇಡಬೇಡಿ. ಮೂರೂ ಒಂದೇ ಸಾಲಿನಲ್ಲಿ ಇಲ್ಲದಿದ್ದರೆ ಹತ್ತಿರ ಇರುವ ಬುಟ್ಟಿಯೇ ಎಲ್ಲ ಕಸಕ್ಕೂ ಬುಟ್ಟಿ.

ದಿನ 15 ಮತ್ತು 16: ಒಂದು ಬದಿ ಖಾಲಿ ಇರುವ ಹಾಳೆಗೆ ಹೊಲಿಗೆ

ರದ್ದಿ ಕಾಗದವನ್ನು ನೀರಿನಲ್ಲಿ ನೆನೆಸಿ ಅರೆದು ತಿರುಳು ಮಾಡುವ ಮುಂಚೆ ಈ ಹಾಳೆಗಳನ್ನು ಬೇರೆ ಮಾಡಿ ಪುಸ್ತಕ ಹೊಲಿಯಬೇಕು. ವಿಧಾನ ಸುಲಭ. ಎ4 ಹಾಳೆಯನ್ನು ಬರೆದ ಬದಿ ಒಳಗೆ ಹೋಗುವ ಹಾಗೆ ನಡುವೆ ಮಡಚಿ. ಮಡಿಕೆ ಇರುವ ಅಂಚು ಪುಸ್ತಕ ತೆರೆಯುವ ಕಡೆಗೆ ಬರಲಿ, ಬಿಡಿ ಅಂಚುಗಳು ಹೊಲಿಗೆಯ ಕಡೆಗೆ. ಹೊಲಿಗೆ ಅಂಚಿನಿಂದ 1 ಸೆಂ.ಮೀ. ಒಳಗೆ ನಾಲ್ಕು ತೂತು: ಮೇಲಿನಿಂದ 1.5, 7.5, 13.5, 19.5 ಸೆಂ.ಮೀ. ಈ ಅಳತೆಯಲ್ಲಿ ಒಂದು ರಟ್ಟಿನ ಪಟ್ಟಿಗೆ ತೂತು ಮಾಡಿ ಇಟ್ಟುಕೊಂಡರೆ ಪ್ರತಿ ಸಲ ಅಳೆಯಬೇಕಿಲ್ಲ.

ಮೊದಲ ಪುಸ್ತಕಕ್ಕೆ 40 ಹಾಳೆ ಇಟ್ಟದ್ದು ಅತಿಯಾಯಿತು. ಮಡಚಿದರೆ 80 ಪದರ, ಸುಮಾರು 8 ಮಿ.ಮೀ. ದಪ್ಪ. ಮೊಳೆ ಬಾಗಿತು, ಹಿಂಬದಿಯಲ್ಲಿ ತೂತುಗಳು ಓರೆಯಾಗಿ ಅಂಚಿಗೇ ಬಂದವು. 20 ಹಾಳೆಗೆ ಇಳಿಸಿ, ಎರಡು ಕಡೆ ಕ್ಲಿಪ್ ಹಾಕಿ, ಅಡಿಗೆ ಮರದ ತುಂಡು ಕೊಟ್ಟು, ದೊಡ್ಡವರು 2 ಮಿ.ಮೀ. ಮೊಳೆ ಹೊಡೆದರೆ ತೂತು ನೇರ ಬರುತ್ತದೆ. ಸೂಜಿಯ ಕೆಲಸ ಮಾತ್ರ ಮಕ್ಕಳದು. ನೂಲು ಪುಸ್ತಕದ ಎತ್ತರದ ಮೂರು ಪಟ್ಟು ತೆಗೆದುಕೊಂಡವರಿಗೆ ಕೊನೆಯ ತೂತಿನಲ್ಲಿ ಗಂಟು ಹಾಕಲು ನೂಲೇ ಉಳಿಯಲಿಲ್ಲ. ನಾಲ್ಕು ಪಟ್ಟು, ಅಂದರೆ 84 ಸೆಂ.ಮೀ. ಬೇಕು. 340 ಹಾಳೆಗೆ 17 ಪುಸ್ತಕ, ಒಂದೊಂದರಲ್ಲಿ 40 ಖಾಲಿ ಪುಟ.

ದಿನ 18: ಚೌಕಟ್ಟು

ಹಾಳೆ ತೆಗೆಯಲು ಒಂದೇ ಅಳತೆಯ ಎರಡು ಮರದ ಚೌಕಟ್ಟು. ಒಳ ಅಳತೆ 21 × 15 ಸೆಂ.ಮೀ. ಕೆಳಗಿನದಕ್ಕೆ ಜಾಲರಿ, ಮೇಲಿನದು ಬರೀ ಅಂಚು, ತಿರುಳು ಪಕ್ಕಕ್ಕೆ ಹರಿಯದಂತೆ ತಡೆಯಲು. ಜಾಲರಿಗೆ ಕಿಟಕಿಗೆ ಹಾಕುವ ಸೊಳ್ಳೆ ಪರದೆ ಸಾಕು.

ಮೂರು ತಪ್ಪಾದವು. ಒಂದು, ಸಾಮಾನ್ಯ ಕಬ್ಬಿಣದ ಮೊಳೆ ಬಳಸಿದ್ದು. ಮೂರನೇ ದಿನಕ್ಕೆ ತುಕ್ಕು ಹಿಡಿದು ಹಾಳೆಯ ಮೂಲೆಯಲ್ಲಿ ಕಂದು ಕಲೆ. ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಕ್ರೂ ಹಾಕಿ. ಎರಡು, ಜಾಲರಿ ಸಡಿಲ. ನೀರಿನ ಭಾರಕ್ಕೆ ನಡುವೆ ಜೋತುಬಿದ್ದು, ಹಾಳೆ ನಡುವೆ ದಪ್ಪ, ಅಂಚಿನಲ್ಲಿ ತೆಳು. ಪ್ರತಿ ಬದಿಯ ನಡುವಿನಿಂದ ಮೂಲೆಯ ಕಡೆಗೆ ಎಳೆಯುತ್ತ ಪಿನ್ ಹೊಡೆಯಬೇಕು, ಅಡಿಗೆ ಒಂದು ಅಡ್ಡಪಟ್ಟಿ ಕೊಡಬೇಕು. ಮೂರು, ಮೇಲಿನ ಚೌಕಟ್ಟಿನ ಎತ್ತರ. 1 ಸೆಂ.ಮೀ. ಎತ್ತರದ ಪಟ್ಟಿಯಲ್ಲಿ ಮಾಡಿದ್ದಕ್ಕೆ ಹಾಳೆ ತೀರಾ ತೆಳುವಾಗಿ ಬಟ್ಟೆಗೆ ಇಳಿಸುವಾಗಲೇ ಹರಿಯಿತು. ಎಷ್ಟು ತಿರುಳುನೀರು ಚೌಕಟ್ಟಿನಲ್ಲಿ ನಿಲ್ಲುತ್ತದೋ ಅಷ್ಟೇ ದಪ್ಪದ ಹಾಳೆ. 2 ಸೆಂ.ಮೀ. ಮಾಡಿದ ಮೇಲೆ ಈ ತೊಂದರೆ ಹೋಯಿತು.

ದಿನ 19 ಮತ್ತು 20: ತಿರುಳು

ತಿರುಳಿಗೆ ಎರಡೂ ಬದಿ ಬರೆದು ಮುಗಿದ ಕಾಗದ ಮಾತ್ರ. ಬೇಡವಾದದ್ದು: ಸ್ಟಿಕ್ಕರ್, ಅಂಟುಪಟ್ಟಿ ಅಂಟಿದ ಹಾಳೆ, ಲ್ಯಾಮಿನೇಟ್ ಮಾಡಿದ್ದು, ಮಿನುಗು ಹಚ್ಚಿದ್ದು, ಅಂಗಡಿಯ ನುಣುಪು ಬಿಲ್ಲು. ಪ್ಲಾಸ್ಟಿಕ್ ಪದರ ಇದೆಯೋ ಅಂತ ಅನುಮಾನ ಬಂದರೆ ಹರಿದು ನೋಡಿ, ಹರಿದ ಅಂಚಿನಲ್ಲಿ ತೆಳು ಪೊರೆ ಎಳೆದುಕೊಂಡು ಬಂದರೆ ಅದು ಪಕ್ಕಕ್ಕೆ. ಸ್ಟೇಪಲ್ ಪಿನ್ ಒಂದೊಂದಾಗಿ ಕೀಳಿಸಬೇಕು. ನಾಲ್ಕು ಮಕ್ಕಳಿಗೆ ಇದೊಂದೇ ಕೆಲಸ ಅರ್ಧ ಗಂಟೆ ಹಿಡಿಯಿತು. ಒಂದು ಪಿನ್ ತಪ್ಪಿಸಿಕೊಂಡು ಮಿಕ್ಸಿಯ ಬ್ಲೇಡಿನ ಅಂಚು ಮುರಿಯಿತು.

2 ಸೆಂ.ಮೀ. ಚೂರಾಗಿ ಹರಿದು, 200 ಗ್ರಾಂ ಕಾಗದವನ್ನು 4 ಲೀಟರ್ ನೀರಿನಲ್ಲಿ 24 ಗಂಟೆ ನೆನೆಹಾಕಿದೆವು. ಕತ್ತರಿಯಲ್ಲಿ ಉದ್ದ ಪಟ್ಟಿ ಮಾಡಬೇಡಿ, ಪಟ್ಟಿ ಬ್ಲೇಡಿಗೆ ಸುತ್ತಿಕೊಳ್ಳುತ್ತದೆ.

ಮಿಕ್ಸಿ ಓಡಿಸುವುದು ದೊಡ್ಡವರು. ಬೇಗ ಮುಗಿಸುವ ಆತುರದಲ್ಲಿ 1 ಲೀಟರ್ ನೀರಿಗೆ 60 ಗ್ರಾಂ ಕಾಗದ ತುಂಬಿದಾಗ ಸುಟ್ಟ ವಾಸನೆ ಬಂದು ಮಿಕ್ಸಿ ನಿಂತಿತು. ಅಡಿಭಾಗದ ಕೆಂಪು ಗುಂಡಿ ಹೊರಗೆ ಬಂದಿತ್ತು. ಹೊರೆ ಹೆಚ್ಚಾದಾಗ ಮೋಟಾರನ್ನು ಉಳಿಸುವ ಗುಂಡಿ ಅದು. ಅರ್ಧ ಗಂಟೆ ತಣಿಸಿ ಗುಂಡಿ ಒತ್ತಿದ ಮೇಲೆ ಓಡಿತು. ಸರಿಯಾದ ಅಳತೆ: 1 ಲೀಟರ್ ನೀರಿಗೆ 20 ಗ್ರಾಂ ಒಣ ಕಾಗದ, ಅಂದರೆ 4 ಎ4 ಹಾಳೆ. 20 ಸೆಕೆಂಡಿನಂತೆ ಮೂರು ಸಲ, ನಡುನಡುವೆ ಬಿಡುವು. ಈ ಮಿಕ್ಸಿಯನ್ನು ಮತ್ತೆ ಅಡುಗೆಗೆ ಬಳಸಬಾರದು.

ತಿರುಳು ಆಯಿತೋ ಇಲ್ಲವೋ ನೋಡಲು ಒಂದು ಚಮಚ ತಿರುಳನ್ನು ಪಾರದರ್ಶಕ ಬಾಟಲಿಯ ನೀರಿಗೆ ಹಾಕಿ ಕುಲುಕಿ, ಬೆಳಕಿಗೆ ಹಿಡಿಯಿರಿ. ಮೋಡದ ಹಾಗೆ ಹರಡಿದರೆ ಆಯಿತು. ಅಕ್ಷರದ ಚೂರು ತೇಲುತ್ತಿದ್ದರೆ ಇನ್ನೊಂದು ಸುತ್ತು. ಮಕ್ಕಳು ಈ ಬಾಟಲಿಯನ್ನು ಬಿಡಲೇ ಇಲ್ಲ, ಒಬ್ಬರಾದ ಮೇಲೆ ಒಬ್ಬರು ಕಿಟಕಿಗೆ ಹಿಡಿದು ತಾವು ಬರೆದ ಅಕ್ಷರ ಹುಡುಕಿದರು.

ಟಬ್ಬಿಗೆ ಮೊದಲು 6 ಲೀಟರ್ ಸಾದಾ ನೀರು, ಅದಕ್ಕೆ 6 ಜಾರ್ ತಿರುಳು. ಒಟ್ಟು 12 ಲೀಟರ್, ಅದರಲ್ಲಿ 120 ಗ್ರಾಂ ಕಾಗದ.

ದಿನ 20, ಮಧ್ಯಾಹ್ನ: ಹಾಳೆ ತೆಗೆಯುವುದು

ಟಬ್ಬನ್ನು ಕೈಯಿಂದ ಚೆನ್ನಾಗಿ ಕಲಕಿ. ತಿರುಳು ಅರ್ಧ ನಿಮಿಷದಲ್ಲೇ ತಳಕ್ಕೆ ಇಳಿಯಲು ಶುರುಮಾಡುತ್ತದೆ, ಆದ್ದರಿಂದ ಪ್ರತಿ ಹಾಳೆಗೂ ಮುಂಚೆ ಕಲಕಲೇಬೇಕು. ಎರಡೂ ಚೌಕಟ್ಟನ್ನು ಒಟ್ಟಿಗೆ ಬಿಗಿಯಾಗಿ ಹಿಡಿದು ಲಂಬವಾಗಿ ಇಳಿಸಿ, ನೀರಿನ ಒಳಗೆ ಅಡ್ಡ ತಿರುಗಿಸಿ, ಸಮವಾಗಿ ಎತ್ತಿ. ಎತ್ತಿದ 3–4 ಸೆಕೆಂಡಿನೊಳಗೆ ಎಡಬಲ, ಹಿಂದುಮುಂದು ಒಮ್ಮೊಮ್ಮೆ ಅಲುಗಿಸಬೇಕು. ನಾರು ಹೆಣೆದುಕೊಳ್ಳುವುದು ಆಗಲೇ. ನೀರು ಬಸಿದುಹೋದ ಮೇಲೆ ಅಲುಗಿಸಿದರೆ ಹಾಳೆ ಬಿರಿಯುತ್ತದೆ. ಆಮೇಲೆ ಸ್ವಲ್ಪ ಓರೆ ಮಾಡಿ 20 ಸೆಕೆಂಡು ಬಸಿಯಲು ಬಿಟ್ಟು ಮೇಲಿನ ಚೌಕಟ್ಟು ತೆಗೆಯಿರಿ. ಆ ಚೌಕಟ್ಟಿನಿಂದ ಒಂದು ಹನಿ ಹಾಳೆಯ ಮೇಲೆ ಬಿದ್ದರೂ ಅಲ್ಲಿ ತೂತು.

ಮೊದಲ ಆರು ಹಾಳೆಯಲ್ಲಿ ಒಂದೂ ಉಳಿಯಲಿಲ್ಲ. ಜಾಲರಿಯಿಂದ ಬಟ್ಟೆಗೆ ಇಳಿಸುವಾಗ ಅರ್ಧ ಜಾಲರಿಯಲ್ಲೇ ಕೂತಿತು. ಕಾರಣ, ಬಟ್ಟೆ ಒಣಗಿತ್ತು. ಹತ್ತಿ ಬಟ್ಟೆಯನ್ನು ನೆನೆಸಿ, ಹಿಂಡಿ, ಸುಕ್ಕಿಲ್ಲದಂತೆ ಹಾಸಬೇಕು. ಅದರ ಅಡಿಗೆ ಮಡಚಿದ ಒದ್ದೆ ಟವೆಲ್ ಇದ್ದರೆ ಮೆತ್ತನೆ ದಿಂಬಿನ ಹಾಗೆ ಆಗಿ ಜಾಲರಿಯ ಪ್ರತಿ ಭಾಗವೂ ತಾಗುತ್ತದೆ. ಚೌಕಟ್ಟಿನ ಒಂದು ಅಂಚು ಊರಿ, ಪುಸ್ತಕ ಮುಚ್ಚುವ ಹಾಗೆ ಮಗುಚಿ, ಜಾಲರಿಯ ಹಿಂಬದಿಯಿಂದ ಸ್ಪಂಜಿನಲ್ಲಿ ನೀರು ಹೀರಿ, ಮೊದಲು ಊರಿದ ಅಂಚಿನಿಂದಲೇ ನಿಧಾನ ಎತ್ತಿ. ಏಳನೇ ಹಾಳೆ ಪೂರ್ತಿ ಬಿಟ್ಟುಕೊಂಡಾಗ ಸುತ್ತ ನಿಂತ ಮಕ್ಕಳೆಲ್ಲ ಉಸಿರು ಬಿಟ್ಟ ಸದ್ದು ಕೇಳಿಸಿತು.

ಸಿಂಥೆಟಿಕ್ ಬಟ್ಟೆ ಬೇಡ, ಹಾಳೆ ಅದರ ಮೇಲೆ ಜಾರುತ್ತದೆ. ಪ್ರತಿ 4 ಹಾಳೆಗೆ ಒಂದು ಜಾರ್ ತಿರುಳು ಟಬ್ಬಿಗೆ ಸೇರಿಸುತ್ತಾ ಹೋಗಿ, ಇಲ್ಲದಿದ್ದರೆ ಕೊನೆಕೊನೆಯ ಹಾಳೆ ಜರಡಿಯಂತೆ ಬರುತ್ತದೆ.

ಒತ್ತುವುದು, ಒಣಗಿಸುವುದು

ಬಟ್ಟೆ, ಹಾಳೆ, ಬಟ್ಟೆ, ಹಾಳೆ ಅಂತ ಹತ್ತು ಹಾಳೆಯ ಅಡುಕು. ಮೇಲೆ ಕೆಳಗೆ 30 × 25 ಸೆಂ.ಮೀ. ಪ್ಲೈವುಡ್ ಹಲಗೆ. ನೀರು ಹಿಂಡಲು ಮಕ್ಕಳನ್ನು ಹಲಗೆಯ ಮೇಲೆ ನಿಲ್ಲಿಸಿದ್ದು ಕೆಟ್ಟ ಯೋಚನೆ. ಒದ್ದೆ ನೆಲದಲ್ಲಿ ಹಲಗೆ ಜಾರಿ ಒಬ್ಬ ಹುಡುಗ ಬಿದ್ದ. ಏಟಾಗಲಿಲ್ಲ, ಆದರೆ ಆಗಬಹುದಿತ್ತು. ಮರುದಿನದಿಂದ ನಾಲ್ಕು ಮೂಲೆಗೆ ನಾಲ್ಕು ಬಡಗಿಯ ಕ್ಲಾಂಪ್. ತಿರುಪು ಬಿಗಿಯುವ ಸರದಿ ಮಕ್ಕಳದು.

ಮೊದಲ ಕಂತನ್ನು ನೇರ ಬಿಸಿಲಲ್ಲಿ ಹಗ್ಗಕ್ಕೆ ಹಾಕಿದಾಗ ಎರಡೇ ಗಂಟೆಯಲ್ಲಿ ಒಣಗಿತು, ಆದರೆ ಒಣ ತರಗೆಲೆಯಂತೆ ಮುರುಟಿತು. ಎರಡನೆಯದನ್ನು ಇಟ್ಟಿಗೆಯ ಭಾರದಡಿ ಬಿಟ್ಟು ವಾರಾಂತ್ಯ ಮರೆತೆವು. ಬಟ್ಟೆ ಬದಲಿಸದ ಕಾರಣ ಬೂದು ಚುಕ್ಕೆಯ ಬೂಷ್ಟು ಬಂತು. ಆ ಎಂಟೂ ಹಾಳೆ ಗೊಬ್ಬರದ ಗುಂಡಿಗೆ ಹೋದವು. ಕೊನೆಗೆ ನೆಚ್ಚಿಕೊಂಡ ಕ್ರಮ: ಕ್ಲಾಂಪಿನಲ್ಲಿ 30 ನಿಮಿಷ, ಒಣ ಬಟ್ಟೆ ಬದಲಿಸಿ ಮತ್ತೆ 3 ಗಂಟೆ, ಆಮೇಲೆ ನುಣುಪು ಟೈಲ್ಸ್ ಅಥವಾ ಗಾಜಿನ ಮೇಲೆ ಒತ್ತಿ ಅಂಟಿಸಿ ನೆರಳಲ್ಲಿ ಒಂದು ರಾತ್ರಿ. ಪೂರ್ತಿ ಒಣಗಿದ ಹಾಳೆಯ ಅಂಚು ತಾನೇ ಎದ್ದುಕೊಳ್ಳುತ್ತದೆ. ಅದಕ್ಕಿಂತ ಮುಂಚೆ ಎಳೆಯಬಾರದು.

ಹೀಗೆ ಬಂದ ಹಾಳೆಯ ಮೇಲೆ ಪೆನ್ನಿನ ಶಾಯಿ ಹರಡುತ್ತದೆ. ತಡೆಯಲು ಗಂಜಿ ಬೇಕು. ಮೊದಲು ಟಬ್ಬಿಗೇ ಗಂಜಿ ಸುರಿದದ್ದು ದಂಡ, ಬಹುಪಾಲು ನೀರಿನ ಜೊತೆ ಹೋಯಿತು. 10 ಗ್ರಾಂ ಕಾರ್ನ್‌ಫ್ಲೋರನ್ನು ಅರ್ಧ ಲೀಟರ್ ನೀರಿನಲ್ಲಿ ಗಂಟಿಲ್ಲದೆ ಕದಡಿ, ತಿಳಿಯಾಗುವ ತನಕ ಕುದಿಸಿ, ಆರಿದ ಮೇಲೆ ಒಣ ಹಾಳೆಗೆ ಕುಂಚದಿಂದ ಸವರಿ. ಹಾಳೆ ಎರಡು ದಿನವಾದರೂ ಒಣಗಿರಬೇಕು. ನಿನ್ನೆ ತೆಗೆದ ಹಾಳೆಗೆ ಸವರಿದರೆ ಕುಂಚದ ಜೊತೆ ನಾರೂ ಎದ್ದು ಬರುತ್ತದೆ.

ದಿನ 23: ಕಟ್ಟಿಕೊಂಡ ಸಿಂಕು

ಇದು ತಪ್ಪಿಸಬಹುದಾಗಿದ್ದ ತಪ್ಪು. ಟಬ್ಬಿನಲ್ಲಿ ಉಳಿದ ನೀರನ್ನು "ಬರೀ ನೀರು ತಾನೇ" ಅಂತ ಕೈತೊಳೆಯುವ ಸಿಂಕಿಗೆ ಸುರಿದೆವು. ನೀರು ಇಳಿಯುವುದು ನಿಂತುಹೋಯಿತು. ಸಿಂಕಿನ ಕೆಳಗಿನ ಬಾಗಿದ ಪೈಪು ಬಿಚ್ಚಿದರೆ ಒಳಗೆ ಮುಷ್ಟಿಗಾತ್ರದ ಬೂದು ಮುದ್ದೆ, ರಟ್ಟಿನಷ್ಟು ಗಟ್ಟಿ. ನಾರು ತಂಗಿದ ಕಡೆ ಮತ್ತೆ ಹೆಣೆದುಕೊಂಡು ಕಾಗದವೇ ಆಗುತ್ತದೆ. ಅಂದಿನಿಂದ ಟಬ್ಬಿನ ನೀರು ಬಟ್ಟೆಯಲ್ಲಿ ಸೋಸಿ ಮುಂದಿನ ಕಂತು ನೆನೆಹಾಕಲು. ಸೋಸಿದ ತಿರುಳು ಉಂಡೆ ಕಟ್ಟಿ ಬಿಸಿಲಿಗೆ. ಬೇಕಾದಾಗ ಮತ್ತೆ ನೆನೆಸಿದರೆ ಸಾಕು. ಹಸಿ ತಿರುಳನ್ನು ಮೂರು ದಿನ ಇಟ್ಟರೆ ನಾರುತ್ತದೆ, ಅದನ್ನೂ ಮಾಡಿ ನೋಡಿ ಆಯಿತು.

ದಿನ 26: ಒಂದು ಪೂರ್ತಿ ಕಂತಿನ ಲೆಕ್ಕ

ತಪ್ಪುಗಳನ್ನೆಲ್ಲ ತಿದ್ದಿಕೊಂಡು 200 ಗ್ರಾಂ ಕಾಗದದಿಂದ ಒಂದು ಕಂತು ಮಾಡಿ ಮಕ್ಕಳಿಂದಲೇ ಲೆಕ್ಕ ಹಾಕಿಸಿದೆವು. ಹಾಕಿದ್ದು 40 ಎ4 ಹಾಳೆ. ಬಂದದ್ದು ಅದರ ಅರ್ಧ ಅಳತೆಯ 31 ಹಾಳೆ, ಒಣಗಿದ ಮೇಲೆ 156 ಗ್ರಾಂ. ಹರಿದ 9 ಹಾಳೆ ಮತ್ತು ಸೋಸಿದ ತಿರುಳು ಸೇರಿ ಉಂಡೆಯಾಗಿ 30 ಗ್ರಾಂ. ಉಳಿದ 14 ಗ್ರಾಂ ನೀರು, ಬಟ್ಟೆ, ಜಾಲರಿಯಲ್ಲಿ. ನೀರು ತೊಳೆದದ್ದೂ ಸೇರಿ 25 ಲೀಟರ್. ಆರು ಮಕ್ಕಳ ಎರಡು ಗಂಟೆಯ ದುಡಿಮೆ ಬೇರೆ.

ಈ ಅಂಕಿಗಳನ್ನು ಹಲಗೆಯ ಎಡಕ್ಕೆ ಬರೆದು, ಬಲಕ್ಕೆ ಹೊಲಿದ 17 ಪುಸ್ತಕದ ಲೆಕ್ಕ ಬರೆಸಿದೆವು: 340 ಹಾಳೆ, ನೀರು ಸೊನ್ನೆ, ವಿದ್ಯುತ್ತು ಸೊನ್ನೆ, ಒಂದೊಂದು ಪುಸ್ತಕಕ್ಕೆ 84 ಸೆಂ.ಮೀ. ನೂಲು. ಯಾರೂ ಏನೂ ವಿವರಿಸಬೇಕಾಗಲಿಲ್ಲ. ಮರುಬಳಕೆ ಅಂದರೆ ಎಸೆದದ್ದೆಲ್ಲ ಹಾಗೇ ಹೊಸದಾಗಿ ಬರುತ್ತದೆ ಅನ್ನುವ ನಂಬಿಕೆ ಮಕ್ಕಳಲ್ಲಿ ಗಟ್ಟಿಯಾಗಿ ಇರುತ್ತದೆ, ದೊಡ್ಡವರಲ್ಲೂ ಇದೆ. ಭಾಷಣದಿಂದ ಅದು ಹೋಗುವುದಿಲ್ಲ. ಕೈ ಒದ್ದೆ ಮಾಡಿಕೊಂಡು ಒಂದು ಹಾಳೆ ತೆಗೆದವರಿಗೆ ಮಾತ್ರ ಖಾಲಿ ಹಾಳೆಯ ಬೆಲೆ ಗೊತ್ತಾಗುತ್ತದೆ. ಅದಕ್ಕೇ ಕಾಗದ ಮಾಡುವ ಕೆಲಸವನ್ನು ಕರಕುಶಲ ಅಂತ ಒಂದೇ ಮಧ್ಯಾಹ್ನ ಮುಗಿಸಬಾರದು, ತಕ್ಕಡಿ ಪಕ್ಕದಲ್ಲಿ ಇಟ್ಟುಕೊಂಡೇ ಮಾಡಬೇಕು ಅನ್ನುವುದು ನಮ್ಮ ಅಭಿಪ್ರಾಯ.

ಅದೇ ದಿನ ಇನ್ನೊಂದು ಪರೀಕ್ಷೆ. ಕೈಯಲ್ಲಿ ಮಾಡಿದ ಎರಡು ಹಾಳೆಯನ್ನು ಮತ್ತೆ ನೆನೆಸಿ, ಅರೆದು, ಎರಡನೇ ಸಲ ಹಾಳೆ ತೆಗೆದೆವು. ಒಂದೇ ಜಾಗದಲ್ಲಿ ಹಿಂದುಮುಂದು ಮಡಚುತ್ತ ಹೋದರೆ ಎರಡನೇ ಸಲದ ಹಾಳೆ ಬೇಗ ಬಿರಿಯಿತು. ಅರೆದಷ್ಟೂ ನಾರು ತುಂಡಾಗುತ್ತದೆ. ಬಿರಿದ ಅಂಚನ್ನು ಭೂತಗನ್ನಡಿಯಲ್ಲಿ ಇಟ್ಟರೆ ಗಿಡ್ಡ ನಾರು ಮಕ್ಕಳಿಗೇ ಕಾಣುತ್ತದೆ.

ವಾರ 5 ಮತ್ತು 6: ಮರುತೂಕ

ಐದನೇ ವಾರದ ತೂಕ ಬಿಸಾಡಬೇಕಾಯಿತು. ಅದು ಪರೀಕ್ಷೆಯ ವಾರ, ಒಣ ಕಾಗದ 4.6 ಕೆ.ಜಿ.ಗೆ ಏರಿತ್ತು. ಮೊದಲ ವಾರ ಎಂಥದ್ದೋ ಅಂಥದ್ದೇ ವಾರ ಆರಿಸಿಕೊಳ್ಳದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಆರನೇ ವಾರ ಮಾಮೂಲಿ ಪಾಠದ ವಾರ: ಒಣ ಕಾಗದ 1.9 ಕೆ.ಜಿ., ಅದರಲ್ಲಿ ಒಂದು ಬದಿ ಖಾಲಿ ಇರುವುದು 0.5 ಕೆ.ಜಿ. ಎರಡೂ ಬದಿ ಬರೆದದ್ದು 1.3, ಇದು ಹೆಚ್ಚು ಇಳಿಯುವುದಿಲ್ಲ, ಇಳಿಯಬೇಕಾಗಿಯೂ ಇಲ್ಲ. ಎರಡೂ ಬದಿ ಖಾಲಿ ಇರುವುದು 0.1.

ಪ್ಲಾಸ್ಟಿಕ್ ಬಕೆಟ್ಟಿನ ತೂಕ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇದೆ. ಬಾಟಲಿಗಳು ತಮ್ಮ ಬುಟ್ಟಿಗೇ ಬೀಳುತ್ತಿವೆ, ಆದರೆ ಅಷ್ಟೇ ಬಾಟಲಿ ಬರುತ್ತಿವೆ. ಮುಂದಿನ ಕಂತಿನಲ್ಲಿ ತೂಕದ ಬದಲು ಎಣಿಕೆ, ಮತ್ತು ಮನೆಯಿಂದ ತರುವ ನೀರಿನ ಬಾಟಲಿಗೆ ಹೆಸರು ಬರೆಯುವುದು. ಎಣಿಕೆಯ ಹಲಗೆಗೆ ಗೆರೆ ಹಾಕಿ ಆಗಿದೆ, ಜಾಲರಿ ಒಂದು ಕಡೆ ಹರಿದಿದ್ದು ಬದಲಿಸಬೇಕು.